ಊರೇ ಕೂತು ಮಾತಾಡುವ ಊರು: ಗಡಚಿರೋಲಿಯ ಕೆಲವು ದಿನಗಳು

ಸೋಮವಾರ, ಬಲ್ಲಾರ್ಷಾದಿಂದ ಗಡಚಿರೋಲಿಗೆ

ಬೆಂಗಳೂರಿನಿಂದ ಹೊರಟ ಸಂಘಮಿತ್ರ ರೈಲು ಬೆಳಗ್ಗೆ ನಮ್ಮನ್ನು ಬಲ್ಲಾರ್ಷಾದಲ್ಲಿ ಇಳಿಸಿತು. ಜೊತೆಗೆ ಇದ್ದವರು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನ (ಸೋಲಿಗರ ಹಾಡಿಗೆ ಪೋಡು ಅನ್ನುತ್ತಾರೆ) ಸೋಲಿಗ ಅಜ್ಜ, ಮತ್ತು ಅದೇ ಪೋಡಿನ ಹುಡುಗಿ. ಅವಳು ಅಲ್ಲಿನ ಅರಣ್ಯ ಹಕ್ಕು ಸಮಿತಿಯ ಲೆಕ್ಕ, ನಡಾವಳಿ ಎಲ್ಲ ಬರೆಯುತ್ತಾಳೆ. ನನಗೆ ಹಿಂದಿ ಬರುತ್ತದೆ, ಮರಾಠಿ ಸ್ವಲ್ಪ ಅರ್ಥವಾಗುತ್ತದೆ. ಮಾತು ದಾಟಿಸುವುದು ನನ್ನ ಕೆಲಸ. ನೋಡುವುದು, ಕೇಳುವುದು, ಯೋಚಿಸುವುದು ಅವರ ಕೆಲಸ.

ನಾವು ಹೊರಟಿದ್ದು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಎಂಬ ಗೊಂಡರ ಹಳ್ಳಿಗೆ. ಪಕ್ಕದ ಲೇಖಾ ಊರಿನ ಹೆಸರನ್ನೂ ಸೇರಿಸಿ ಮೇಂಢಾ-ಲೇಖಾ ಅಂತ ಕರೆಯುತ್ತಾರೆ. ಅರಣ್ಯ ಹಕ್ಕಿನ ಕೆಲಸ ಮಾಡುವವರಿಗೆಲ್ಲ ಈ ಹೆಸರು ಗೊತ್ತು. ಅಜ್ಜನಿಗೂ ಗೊತ್ತಿತ್ತು. 2011ರ ಅಕ್ಟೋಬರ್‌ನಲ್ಲಿ ಬಿಳಿಗಿರಿಯ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕಿನ, ಅಂದರೆ ಕಾಡನ್ನು ಊರೇ ಬಳಸಿ ನೋಡಿಕೊಳ್ಳುವ ಹಕ್ಕಿನ, ಪತ್ರ ಸಿಕ್ಕಿತು. ಅದೇ ವರ್ಷ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. "ಪತ್ರ ಸಿಕ್ತು. ಅದ ಹಿಡ್ಕಂಡು ಮುಂದೇನು ಮಾಡದು ಅಂತ ಅವರ ಕೇಳಬೇಕು ಕಣವ್ವ" ಅಂತ ಅಜ್ಜ ಹೊರಡುವ ಮೊದಲೇ ಹೇಳಿದ್ದರು.

ಬಲ್ಲಾರ್ಷಾದ ಹತ್ತಿರ ಬಲ್ಲಾರಪುರದ ದೊಡ್ಡ ಕಾಗದದ ಕಾರ್ಖಾನೆ ಇದೆ. ಗಡಚಿರೋಲಿಯ ಕಾಡಿನ ಬಿದಿರು ವರ್ಷಗಟ್ಟಲೆ ಗುತ್ತಿಗೆಯ ಮೇಲೆ ಇಲ್ಲಿಗೇ ಬರುತ್ತಿತ್ತು. ಕಡಿಯಲು ಹೊರಗಿನಿಂದ ಕೂಲಿಯವರನ್ನು ತರುತ್ತಿದ್ದರು. ಊರಿನವರು ತಮ್ಮ ಮನೆಯ ಬೇಲಿಗೆ ನಾಲ್ಕು ಗಳ ತಂದರೆ ಮಾತ್ರ ತಕರಾರು. ಇದನ್ನು ಹೇಳಿದಾಗ ಅಜ್ಜ ಕಾರ್ಖಾನೆಯ ಕಡೆ ನೋಡಿ ಕೇಳಿದರು. "ಅವರ ಬಿದ್ರೆಲ್ಲ ಇಲ್ಲಿಗೇ ಬತ್ತಿತ್ತಾ? ಅವರಿಗೆ ಏನು ಸಿಕ್ತಿತ್ತು?" ಕೂಲಿ ಸಿಗುತ್ತಿತ್ತು, ಅದೂ ಎಲ್ಲರಿಗಲ್ಲ ಅಂದೆ.

ಚಂದ್ರಪುರದಿಂದ ಮಹಾರಾಷ್ಟ್ರ ಸಾರಿಗೆಯ ಕೆಂಪು ಎಸ್‌ಟಿ ಬಸ್ಸು. ಮೂಲ್ ದಾಟಿದ ಮೇಲೆ ಭತ್ತದ ಗದ್ದೆಗಳು, ನಡುವೆ ಇಪ್ಪೆ ಮರಗಳು. ವೈನಗಂಗಾ ನದಿಯ ಸೇತುವೆ ದಾಟಿದರೆ ಗಡಚಿರೋಲಿ. 1982ರಲ್ಲಿ ಚಂದ್ರಪುರದಿಂದ ಬೇರೆಯಾದ ಜಿಲ್ಲೆ ಇದು. ಮುಕ್ಕಾಲು ಪಾಲು ಕಾಡೇ. ನಮ್ಮ ಪತ್ರಿಕೆಗಳಲ್ಲಿ ಈ ಹೆಸರು ಬಂದರೆ ನಕ್ಸಲರು, ಪೊಲೀಸರು, ಗುಂಡಿನ ಚಕಮಕಿ, ಇಷ್ಟೇ ಇರುತ್ತದೆ. ಆ ಸುದ್ದಿ ಸುಳ್ಳಲ್ಲ. ಇಲ್ಲಿನ ಜನ ಅದರ ನಡುವೆ ಸಿಕ್ಕಿ ನರಳಿದ್ದಾರೆ. ಆದರೆ ಅದೇ ಜನ ಕಾನೂನನ್ನು ಓದಿ, ಅರ್ಥ ಮಾಡಿಕೊಂಡು, ಕೂತು ಮಾತಾಡಿ ಏನೆಲ್ಲ ಪಡೆದರು ಅನ್ನುವುದು ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಮಂಗಳವಾರ, ಮೇಂಢಾ

ಗಡಚಿರೋಲಿಯಿಂದ ಧಾನೋರಾ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಸಗಣಿ ಸಾರಿಸಿದ ಅಂಗಳಗಳು, ಬಿದಿರಿನ ಬೇಲಿ, ಹಂಚಿನ ಮನೆಗಳು. ದೊಡ್ಡ ಊರೇನಲ್ಲ. ನೂರರ ಆಸುಪಾಸು ಮನೆಗಳಿರಬಹುದು. ಈ ಊರಿನ ಘೋಷಣೆಯನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ದಿಲ್ಲಿ, ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ.

ಈ ಮಾತು ಹುಟ್ಟಿದ್ದು ಒಂದು ದೊಡ್ಡ ಚಳವಳಿಯಿಂದ. 1980ರ ದಶಕದಲ್ಲಿ ಗೋದಾವರಿಗೆ ಇಂಚಂಪಲ್ಲಿಯಲ್ಲಿ, ಇಂದ್ರಾವತಿಗೆ ಭೋಪಾಲಪಟ್ಟಣಂನಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಬಂತು. ಕಾಡು, ಊರು ಎಲ್ಲ ಮುಳುಗುತ್ತಿತ್ತು. ಲಾಲ್ ಶ್ಯಾಮ್ ಶಾಹ ಅವರಂಥ ಆದಿವಾಸಿ ನಾಯಕರು, ಜೊತೆಗೆ ಬಾಬಾ ಆಮ್ಟೆ, 'ಜಂಗಲ್ ಬಚಾವೋ ಮಾನವ್ ಬಚಾವೋ' (ಕಾಡು ಉಳಿಸಿ, ಮನುಷ್ಯರನ್ನು ಉಳಿಸಿ) ಎಂದು ಜನರನ್ನು ಸೇರಿಸಿದರು. ಯೋಜನೆ ನಿಂತಿತು. ಮೆರವಣಿಗೆಗೆ ಹೋಗಿ ಬಂದ ಮೇಂಢಾದವರು ಅಲ್ಲಿಗೆ ಸುಮ್ಮನಾಗಲಿಲ್ಲ. ಅಣೆಕಟ್ಟು ಬೇಡ ಅಂದಾಯಿತು, ನಮಗೆ ಬೇಕಾದದ್ದು ಏನು ಅಂತ ತಮ್ಮ ತಮ್ಮಲ್ಲೇ ಮಾತು ಶುರು ಮಾಡಿದರು.

ಮಧ್ಯಾಹ್ನ ಘೋಟುಲ್ ನೋಡಿದೆವು. ಗೊಂಡರ ಯುವಕ ಯುವತಿಯರು ಸೇರಿ ಹಾಡಿ, ಕುಣಿದು, ಬದುಕು ಕಲಿಯುತ್ತಿದ್ದ ಮನೆ ಅದು. ಹೊರಗಿನವರು ಅದರ ಬಗ್ಗೆ ಕೆಟ್ಟದಾಗಿ ಆಡಿಕೊಂಡು, ಎಷ್ಟೋ ಊರುಗಳಲ್ಲಿ ಅದು ಅಳಿದೇ ಹೋಯಿತು. ಮೇಂಢಾದವರು ತಮ್ಮ ಕಾಡಿನ ಮರ ತಂದು ಅದನ್ನು ಮತ್ತೆ ಕಟ್ಟಿದರು. ಅರಣ್ಯ ಇಲಾಖೆ ಕೆಡವಿತು. ಸುತ್ತಮುತ್ತಲಿನ ಊರುಗಳು ಒಟ್ಟು ಸೇರಿ ಪ್ರತಿಭಟಿಸಿದವು, ಘೋಟುಲ್ ಮತ್ತೆ ಎದ್ದಿತು. ಮರದ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದ ಅಜ್ಜ, "ನಮ್ಮ ಕುಲದ ಯಜಮಾನರು ಕೂರ್ತಿದ್ದ ಜಾಗ ನೆಪ್ಪಾಯ್ತು" ಅಂದರು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾದ ಮೇಲೆ ಕಾಡಿನ ಒಳಗಿನ ಪೋಡುಗಳನ್ನು ಎಬ್ಬಿಸಿದರು. ಅಂಥ ಜಾಗಗಳು ಈಗ ಲಂಟಾನದ ಪೊದೆಯೊಳಗೆ ಇವೆ.

ಸಂಜೆ ಒಂದು ಮನೆಯಲ್ಲಿ ಊಟ. ಅನ್ನ, ತೊಗರಿ ಬೇಳೆ, ಒಣಗಿಸಿಟ್ಟ ಕಳಲೆಯ ಪಲ್ಯ. ಅಂಗಳದಲ್ಲಿ ಇಪ್ಪೆ ಹೂವು ಒಣಗಲು ಹರಡಿದ್ದರು. ಅದರ ಸಿಹಿ ವಾಸನೆ ಬಟ್ಟೆಗೆಲ್ಲ ಹತ್ತಿತು. ಮನೆಯ ಮುದುಕಿ ತಟ್ಟೆಗಳನ್ನು ಎಣಿಸುತ್ತ "ಉಂದಿ, ರಂಡ್, ಮೂಂಡ್, ನಾಲುಂಗ್" ಅಂದಾಗ ಪೋಡಿನ ಹುಡುಗಿ ಜೋರಾಗಿ ನಕ್ಕು "ಅಕ್ಕ, ನಮ್ಮ ಮಾತಿನ ಥರಾನೇ ಅದೆ" ಅಂದಳು. ಆಮೇಲೆ ಅವರಿಬ್ಬರೂ ನನ್ನ ಸಹಾಯ ಇಲ್ಲದೆ ಕೈ, ಕಣ್ಣು ತೋರಿಸಿಕೊಂಡು ತುಂಬ ಹೊತ್ತು ಮಾತಾಡಿದರು.

ಬುಧವಾರ, ಕಾಡು ಮತ್ತು ಅಭ್ಯಾಸ ಗುಂಪು

ಬೆಳಗಿನ ಜಾವವೇ ಊರು ಖಾಲಿ. ಎಲ್ಲರೂ ಇಪ್ಪೆ ಹೂವು ಆಯಲು ಹೋಗಿರುತ್ತಾರೆ. ಬಿಸಿಲು ಏರುವ ಮೊದಲು ಮುಗಿಸಬೇಕು. ನಾವು ಊರಿನ ಇಬ್ಬರ ಜೊತೆ ಬಿದಿರು ಮೆಳೆಗಳ ಕಡೆ ಹೋದೆವು.

ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಈ ಊರಿಗೆ ಸಮುದಾಯ ಹಕ್ಕು ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿ ಸಿಕ್ಕಿದ್ದು. ದೇಶದಲ್ಲಿ ಮೊದಲು ಇಂಥ ಹಕ್ಕು ಪಡೆದ ಊರುಗಳಲ್ಲಿ ಇದೂ ಒಂದು. ಆದರೆ ಹಕ್ಕುಪತ್ರ ಬಂದ ಮೇಲೂ ಬಿದಿರು ಮಾರಲು ಆಗಲಿಲ್ಲ. ಕಡಿದ ಬಿದಿರನ್ನು ಲಾರಿಯಲ್ಲಿ ಸಾಗಿಸಲು ಸಾಗಣೆ ಪರವಾನಗಿ ಬೇಕು. ಅದನ್ನು ಕೊಡುವುದು ಅರಣ್ಯ ಇಲಾಖೆ. ಇಲಾಖೆ ಹೇಳಿದ್ದು, ಬಿದಿರು ಮರ, 1927ರ ಅರಣ್ಯ ಕಾಯ್ದೆಯಲ್ಲಿ ಹಾಗೇ ಇದೆ (2017ರವರೆಗೆ ಹಾಗೇ ಇತ್ತು). ಊರಿನವರು ಹೇಳಿದ್ದು, 2006ರ ಕಾಯ್ದೆಯಲ್ಲಿ ಬಿದಿರು ಕಿರು ಅರಣ್ಯ ಉತ್ಪನ್ನ, ಅಂದರೆ ಊರಿನವರ ಹಕ್ಕಿಗೆ ಸೇರಿದ್ದು, ಅಂತ ಸ್ಪಷ್ಟವಾಗಿ ಬರೆದಿದೆ, ಓದಿ ನೋಡಿ. ಹೀಗೆ ಹಗ್ಗಜಗ್ಗಾಟ ನಡೆದು, ಕೊನೆಗೆ 2011ರ ಏಪ್ರಿಲ್ 27ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್, ಮುಖ್ಯಮಂತ್ರಿ ಪೃಥ್ವಿರಾಜ್ ಚವ್ಹಾಣ್ ಈ ಊರಿಗೇ ಬಂದು ಸಾಗಣೆ ಪರವಾನಗಿಯ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಅಂದಿನಿಂದ ಇಲ್ಲಿಂದ ಹೊರಡುವ ಬಿದಿರಿನ ಲಾರಿಗೆ ಪರವಾನಗಿ ಬರೆಯುವುದು ಊರೇ.

ಇದನ್ನು ದಾಟಿಸುವಾಗ ಅಜ್ಜ ನನ್ನನ್ನು ನಿಲ್ಲಿಸಿದರು. "ಇನ್ನೊಂದ್ಸಲ ಹೇಳವ್ವ. ಪರ್ಮಿಟ್ಟು ಯಾರು ಬರೀತಾರೆ?" ಗ್ರಾಮಸಭೆ ಅಂದೆ. ಅವರು ಸ್ವಲ್ಪ ಹೊತ್ತು ಬಿದಿರಿನ ಮೆಳೆಯನ್ನೇ ನೋಡುತ್ತ ನಿಂತರು. ಬಿಳಿಗಿರಿಯಲ್ಲಿ 2006ರಲ್ಲಿ ಕಾಡಿನ ಉತ್ಪನ್ನ ಮಾರಾಟಕ್ಕೆ ತರುವುದನ್ನೇ ನಿಲ್ಲಿಸಿದ್ದರು. ಜೇನು, ನೆಲ್ಲಿ, ಸೀಗೆಯಿಂದ ನಡೆಯುತ್ತಿದ್ದ ಎಷ್ಟೋ ಮನೆಗಳು ಕಾಫಿ ತೋಟದ ಕೂಲಿಗೆ ಹೋದವು. ಅಜ್ಜನ ಮನೆಯೂ ಅವುಗಳಲ್ಲಿ ಒಂದು.

ಬಿದಿರು ಕಡಿಯಲು ಇಲ್ಲಿ ತಮ್ಮದೇ ನಿಯಮ ಮಾಡಿಕೊಂಡಿದ್ದಾರೆ. ಎಳೆಯದನ್ನು ಮುಟ್ಟುವಂತಿಲ್ಲ. ಕಾಡಿನ ಕೆಲಸದ ಕೂಲಿಯಲ್ಲಿ ಹತ್ತನೇ ಒಂದು ಪಾಲು ಊರಿನ ಕೋಶಕ್ಕೆ ಹೋಗುತ್ತದೆ.

ಮಧ್ಯಾಹ್ನದ ಮೇಲೆ ಮರದ ಕೆಳಗೆ ಅಭ್ಯಾಸ ಗುಂಪು ಸೇರಿತು. ಮೇಂಢಾದ ನಿಜವಾದ ಶಕ್ತಿ ಇದೇ ಅಂತ ನನಗೆ ಅನಿಸಿತು. ಯಾವುದೋ ಒಂದು ವಿಷಯ ತಿಳಿಯಬೇಕು ಅನಿಸಿದರೆ ಆಸಕ್ತಿ ಇರುವವರು ಸೇರಿ ಓದುತ್ತಾರೆ, ಕೇಳುತ್ತಾರೆ, ಬೇಕಾದರೆ ಹೊರಗಿನ ತಿಳಿದವರನ್ನು ಕರೆಸುತ್ತಾರೆ. ಇಲ್ಲಿ ತೀರ್ಮಾನ ಮಾಡುವಂತಿಲ್ಲ. ತೀರ್ಮಾನ ಗ್ರಾಮಸಭೆಯದ್ದು ಮಾತ್ರ. ಕಲಿಯುವ ಜಾಗ ಬೇರೆ, ತೀರ್ಮಾನಿಸುವ ಜಾಗ ಬೇರೆ ಇರುವುದರಿಂದ ಯಾರಿಗೂ ಗೆಲ್ಲುವ ಆತುರ ಇಲ್ಲ. ತಪ್ಪು ಪ್ರಶ್ನೆ ಕೇಳಿದರೂ ನಾಚಿಕೆ ಇಲ್ಲ.

ಜೇನು ಹುಳುಗಳನ್ನು ಸಾಯಿಸದೆ ಜೇನು ತೆಗೆಯುವುದನ್ನು ಈ ಊರು ಕಲಿತದ್ದು ಹೀಗೇ. ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದು ನಿಂತದ್ದೂ ಹೀಗೇ. ಜೇನಿನ ಮಾತು ಬಂದ ಕೂಡಲೇ ಅಜ್ಜ ನೆಟ್ಟಗೆ ಕೂತರು. ಹೆಜ್ಜೇನಿನ ಬಗ್ಗೆ ಸೋಲಿಗರಿಗೆ ಹೇಳಿಕೊಡುವವರು ಯಾರಿದ್ದಾರೆ? ಯಾವ ಹೂವಿನ ಕಾಲಕ್ಕೆ ಯಾವ ಜೇನು, ಎಷ್ಟು ತಟ್ಟು ಬಿಡಬೇಕು, ಹೊಗೆ ಎಷ್ಟಿರಬೇಕು, ಎಲ್ಲ ಹೇಳಿದರು. ಮುಂದೆ ಬೆಂಕಿಯ ಮಾತು ಬಂತು. ಬೇಸಿಗೆ ಬಲಿಯುವ ಮೊದಲೇ ತರಗಿಗೆ ಮಾತ್ರ ಹತ್ತುವಂತೆ ಸಣ್ಣ ಬೆಂಕಿ ಹಾಕುವುದು ಸೋಲಿಗರ ಪದ್ಧತಿ. ಅವರು ಅದಕ್ಕೆ ತರಗು ಬೆಂಕಿ ಅನ್ನುತ್ತಾರೆ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಜಾಸ್ತಿಯಾಯಿತು, ಅನ್ನುವುದು ಅಜ್ಜನ ಅನುಭವ. ಮೇಂಢಾದಲ್ಲಿ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಇಬ್ಬರ ಕಾಡೂ ಬೇರೆ, ಇಬ್ಬರ ಉತ್ತರವೂ ಬೇರೆ. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಊರಿನ ಒಬ್ಬರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಗುರುವಾರ, ಗ್ರಾಮಸಭೆ

ಬೆಳಗ್ಗೆ ಸಭೆ ಇತ್ತು. ಹೆಂಗಸರು, ಗಂಡಸರು, ಮಡಿಲಲ್ಲಿ ಮಕ್ಕಳು. ಕುರ್ಚಿ ಇಲ್ಲ, ವೇದಿಕೆ ಇಲ್ಲ. ಅಧ್ಯಕ್ಷರ ಭಾಷಣ ಇಲ್ಲ.

ಇಲ್ಲಿ ಬಹುಮತಕ್ಕೆ ಬೆಲೆ ಇಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಒಬ್ಬರು ಬೇಡ ಅಂದರೂ ತೀರ್ಮಾನ ಆಗುವುದಿಲ್ಲ, ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಇದನ್ನು ನಾನು ಮೊದಲೇ ಕೇಳಿದ್ದೆ, ಆದರೆ ಪೂರ್ತಿ ನಂಬಿರಲಿಲ್ಲ. ಅಂದು ಕಣ್ಣಾರೆ ಕಂಡೆ. ಮುಂದಿನ ಸಲ ಬಿದಿರು ಎಲ್ಲಿ ಕಡಿಯಬೇಕು ಅನ್ನುವ ಮಾತು ನಡೆದಿತ್ತು. ಹೆಚ್ಚು ಕಡಿಮೆ ಎಲ್ಲರೂ ಒಂದು ಜಾಗ ಒಪ್ಪಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಬೇಡ ಅಂದರು. ಆ ಜಾಗದ ಪಕ್ಕದ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಇರುತ್ತದೆ, ದನಗಳು ಅಲ್ಲಿಗೇ ಹೋಗುತ್ತವೆ, ಬಿದಿರು ತೆಗೆದರೆ ದಂಡೆ ಕುಸಿಯುತ್ತದೆ ಅನ್ನುವುದು ಅವರ ಮಾತು. ಇಬ್ಬರು ಗಂಡಸರು ಹಾಗಾಗುವುದಿಲ್ಲ ಅಂತ ವಿವರಿಸಿದರು. ಅವರು ಒಪ್ಪಲಿಲ್ಲ. ಯಾರೂ ಗದರಲಿಲ್ಲ, ಯಾರೂ ಬೇಗ ಮುಗಿಸೋಣ ಅನ್ನಲಿಲ್ಲ. ಕೆಲವರು ಹೋಗಿ ಹಳ್ಳ ನೋಡಿಕೊಂಡು ಬರುವುದು, ಆಮೇಲೆ ಮತ್ತೆ ಕೂರುವುದು ಅಂತಾಯಿತು.

"ಕೈ ಎತ್ತಿಸಲೇ ಇಲ್ಲವಲ್ಲ ಅಕ್ಕ" ಅಂತ ಹುಡುಗಿ ನನ್ನ ಕಿವಿಯಲ್ಲಿ ಅಂದಳು. ಅವಳು ಕಂಡ ಸಭೆಗಳಲ್ಲಿ ಕೈ ಎತ್ತಿಸುತ್ತಾರೆ, ಸಹಿ ಹಾಕಿಸುತ್ತಾರೆ, ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಬಿಸಿಲು ನೆತ್ತಿಗೆ ಬಂದರೂ ಒಂದು ವಿಷಯ ಮುಗಿದಿರಲಿಲ್ಲ.

ಹೀಗೆ ನಿಧಾನ ಮಾಡಿದರೆ ಕೆಲಸ ಆಗುವುದು ಯಾವಾಗ ಅಂತ ನೀವು ಕೇಳಬಹುದು. ಹಿಂದೆ ಹೆಂಡದ ವಿಷಯದಲ್ಲೂ ಇಲ್ಲಿ ಹೀಗೇ ಆಯಿತು. ಪೂರ್ತಿ ನಿಲ್ಲಿಸಬೇಕು ಅಂತ ಹೆಂಗಸರು ಹೇಳಿದರು. ದೇವರ ಕೆಲಸಕ್ಕೆ ಇಪ್ಪೆ ಹೆಂಡ ಇಲ್ಲದೆ ಹೇಗೆ ಅಂತ ಇನ್ನು ಕೆಲವರು. ಮಾತು ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ದೇವರ ಕಾರ್ಯಕ್ಕೆ ಮಾತ್ರ ಅಂತ ಎಲ್ಲರೂ ಒಪ್ಪಿದರು. ಎಲ್ಲರೂ ಒಪ್ಪಿದ ನಿಯಮ ಆದ್ದರಿಂದ ಕಾಯಲು ಪೊಲೀಸರು ಬೇಕಾಗಲಿಲ್ಲ.

1990ರ ದಶಕದ ಇನ್ನೊಂದು ಕಥೆಯೂ ಹಾಗೇ. ಸರ್ಕಾರ ಜಂಟಿ ಅರಣ್ಯ ನಿರ್ವಹಣೆ ಯೋಜನೆ ತಂದಾಗ ಅದು ಹಾಳುಬಿದ್ದ ಕಾಡಿಗೆ ಮಾತ್ರ ಅಂದಿತು. ಮೇಂಢಾದ ಕಾಡು ಚೆನ್ನಾಗಿತ್ತು, ಹಾಗಾಗಿ ಇವರಿಗೆ ಇಲ್ಲ. ಚೆನ್ನಾಗಿ ಕಾಯ್ದವರಿಗೆ ಪಾಲಿಲ್ಲ ಅಂದರೆ ಯಾವ ನ್ಯಾಯ ಅಂತ ಊರು ಪಟ್ಟು ಹಿಡಿದು ಗೆದ್ದಿತು.

ಈ ಕೆಲಸದಲ್ಲೆಲ್ಲ ಮುಂದೆ ನಿಂತವರು ದೇವಾಜಿ ತೋಫಾ, ಈ ಊರಿನವರೇ. ಜೊತೆಗೆ ನಿಂತವರು ವೃಕ್ಷಮಿತ್ರ ಸಂಸ್ಥೆಯ ಮೋಹನ್ ಹೀರಾಬಾಯಿ ಹೀರಾಲಾಲ್. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಮೋಹನ್ ಅವರ ಬಗ್ಗೆ ನನಗೆ ತುಂಬ ಗೌರವ ಇದೆ. ಅವರು ದಶಕಗಳ ಕಾಲ ಈ ಊರಿನ ಜೊತೆಗಿದ್ದರು, ಆದರೆ ಸಭೆಯಲ್ಲಿ ಊರಿನ ಪರವಾಗಿ ತೀರ್ಮಾನಿಸಲಿಲ್ಲ. ಮಾಹಿತಿ ತಂದರು, ಪ್ರಶ್ನೆ ಕೇಳಿದರು. ಆದಿವಾಸಿಗಳ ನಡುವೆ ಕೆಲಸ ಮಾಡುವ ಹೊರಗಿನವರು ಎಷ್ಟೋ ಸಲ ತಾವೇ ಯಜಮಾನರಾಗಿ ಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಆಗುತ್ತಾರೆ. ಅದರಿಂದ ಆಗುವ ನಷ್ಟ ದೊಡ್ಡದು.

2013ರಲ್ಲಿ ಊರಿನವರು ಇನ್ನೂ ಒಂದು ಹೆಜ್ಜೆ ಇಟ್ಟರು. ಮಹಾರಾಷ್ಟ್ರದ 1964ರ ಗ್ರಾಮದಾನ ಕಾಯ್ದೆಯಡಿ ತಮ್ಮ ಸ್ವಂತ ಜಮೀನಿನ ಮಾಲೀಕತ್ವವನ್ನೂ ಗ್ರಾಮಸಭೆಗೆ ಕೊಡಲು ಒಪ್ಪಿದರು. ಉಳುವವರು ಅವರವರೇ, ಮಕ್ಕಳಿಗೂ ಉಳುಮೆ ಹೋಗುತ್ತದೆ. ಹೊರಗಿನವರಿಗೆ ಮಾರುವಂತಿಲ್ಲ. ಈ ಭಾಗವನ್ನು ಅಜ್ಜ ಒಪ್ಪಲಿಲ್ಲ. "ನಮಗೆ ಇರದೇ ಚೂರು ಭೂಮಿ, ಅದಕ್ಕೂ ಈಗ ತಾನೇ ಪತ್ರ ಬಂದದೆ" ಅಂದರು. ಅವರ ಮಾತೂ ಸರಿಯೇ.

ಒಂದು ಮಾತು ಹೇಳಲೇಬೇಕು. ಹೆಂಗಸರು ಬಂದು ಕೂತಿದ್ದರು, ಮಾತೂ ಆಡಿದರು. ಆದರೂ ಜಾಸ್ತಿ ಮಾತಾಡಿದವರು ಗಂಡಸರೇ. ಇದನ್ನು ಊರಿನವರೇ ಒಪ್ಪಿಕೊಂಡರು.

ಶುಕ್ರವಾರ, ಶೋಧಗ್ರಾಮ

ಅದೇ ರಸ್ತೆಯಲ್ಲಿ ಚಾತಗಾಂವ್ ಹತ್ತಿರ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಯ ಶೋಧಗ್ರಾಮ ಇದೆ. ಅವರ 'ಸರ್ಚ್' ಸಂಸ್ಥೆ 1986ರಲ್ಲಿ ಶುರುವಾಯಿತು. ಅರ್ಧ ದಿನ ಮಾತ್ರ ಇದ್ದೆವು.

ಆಸ್ಪತ್ರೆ ಹೇಗಿರಬೇಕು ಅಂತ ಅವರು ಗೊಂಡರನ್ನೇ ಕೇಳಿದರಂತೆ. ದೊಡ್ಡ ಕಟ್ಟಡ ನಮಗೆ ಹೆದರಿಕೆ, ನಮ್ಮ ಮನೆಗಳ ಹಾಗೆ ಗುಡಿಸಲು ಇರಲಿ, ಜೊತೆಗೆ ಬಂದವರಿಗೂ ಇರಲು ಜಾಗ ಇರಲಿ ಅಂದರು ಜನ. ಹಾಗೇ ಕಟ್ಟಿದರು. ತಮ್ಮ ದೇವಿ ದಂತೇಶ್ವರಿಯ ಹೆಸರನ್ನು ಜನರೇ ಇಟ್ಟರು. ಇಲ್ಲೂ ಹಳ್ಳಿಗಳ ಜನ ಸೇರಿ ತಮ್ಮ ಆರೋಗ್ಯದ ಕಷ್ಟ ಯಾವುದು, ಮೊದಲು ಯಾವುದನ್ನು ನೋಡಬೇಕು ಅಂತ ಹೇಳುವ ಆರೋಗ್ಯ ಸಂಸತ್ತು ನಡೆಯುತ್ತದೆ. ಬೆನ್ನು ನೋವು, ಕೀಲು ನೋವು ಅಂತ ಜನ ಹೇಳಿದ್ದನ್ನು ಕೇಳಿ ಸಂಶೋಧನೆ, ಚಿಕಿತ್ಸೆ ಎರಡೂ ಆ ಕಡೆ ತಿರುಗಿದವು. 1993ರಲ್ಲಿ ಜಿಲ್ಲೆಗೆ ಪಾನನಿಷೇಧ ಬಂದದ್ದೂ ಇಲ್ಲಿನ ಜನರ ಚಳವಳಿಯಿಂದ.

ಅಜ್ಜನಿಗೆ ಸೋಲಿಗರ ನಡುವೆ ಕೆಲಸ ಮಾಡಿದ ವೈದ್ಯ ಡಾ. ಸುದರ್ಶನ್ ನೆನಪಾದರು. 1980ರ ಸುಮಾರಿಗೆ ಅವರು ಬೆಟ್ಟಕ್ಕೆ ಬಂದ ದಿನಗಳ ಕಥೆಯನ್ನು ದಾರಿಯುದ್ದಕ್ಕೂ ಹೇಳಿದರು.

ಶನಿವಾರ, ಕೋರ್ಚಿ

ಬೆಳಗ್ಗೆ ಬೇಗ ಹೊರಟು ಕುರಖೇಡಾ ದಾಟಿ ಕೋರ್ಚಿಗೆ ಹೋದೆವು. ಜಿಲ್ಲೆಯ ಉತ್ತರದ ತುದಿ, ಆಚೆ ಛತ್ತೀಸಗಡ. ಇಲ್ಲಿ ಸುಮಾರು 90 ಗ್ರಾಮಸಭೆಗಳು ಸೇರಿ ಮಹಾಗ್ರಾಮಸಭೆ ಕಟ್ಟಿಕೊಂಡಿವೆ. ಒಂದು ಊರು ಗಟ್ಟಿಯಾದರೆ ಸಾಲದು, ವ್ಯಾಪಾರಿಯ ಮುಂದೆ, ಗಣಿಯ ಮುಂದೆ ಒಂಟಿ ಊರು ನಿಲ್ಲುವುದಿಲ್ಲ ಅನ್ನುವುದು ಇವರ ಅನುಭವ. ಝೆಂಡೇಪಾರ್‌ನ ಕಬ್ಬಿಣದ ಅದಿರಿನ ಗಣಿ ಬೇಡ ಅಂತ ಇವರು ಒಟ್ಟಾಗಿ ನಿಂತಿದ್ದಾರೆ.

ನನಗೆ ಇಲ್ಲಿ ಹೆಚ್ಚು ಹಿಡಿಸಿದ್ದು ಹೆಂಗಸರ ಜಾಗ. ಪ್ರತಿ ಗ್ರಾಮಸಭೆಯೂ ಗಂಡಸರಷ್ಟೇ ಹೆಂಗಸರನ್ನು ಕಳಿಸಬೇಕು ಅಂತ ನಿಯಮ ಮಾಡಿದ್ದಾರೆ. ಅದು ಸುಮ್ನೆ ಬರಲಿಲ್ಲ. ಇಲ್ಲಿನ ಮಹಿಳಾ ಸಂಘಗಳು ವರ್ಷಗಟ್ಟಲೆ ಕೂತು, ನಿಂತು, ಜಗಳ ಮಾಡಿ ಪಡೆದದ್ದು. ನಾವು ಹೋದಾಗ ಬೀಡಿ ಎಲೆಯ ಮಾತು ನಡೆದಿತ್ತು. ಮೇ ಹೊತ್ತಿಗೆ ಎಲೆ ಕೊಯ್ಲು. 70 ಎಲೆಗೆ ಒಂದು ಕಟ್ಟು. ಮೊದಲು ಗುತ್ತಿಗೆದಾರ ಹೇಳಿದ್ದೇ ಬೆಲೆ, ಅವನ ಗುಮಾಸ್ತ ಎಣಿಸಿದ್ದೇ ಲೆಕ್ಕ. ಈಗ ಗ್ರಾಮಸಭೆಗಳೇ ಹರಾಜು ಕರೆಯುತ್ತವೆ. ಕರಾರಿನಲ್ಲಿ ಏನಿರಬೇಕು, ಹಣ ಯಾವ ಕಂತಿನಲ್ಲಿ ಬರಬೇಕು, ಮಳೆಗೆ ಎಲೆ ಹಾಳಾದರೆ ನಷ್ಟ ಯಾರದು, ಇದನ್ನೆಲ್ಲ ಹೆಂಗಸರು ಒಂದೊಂದಾಗಿ ಎತ್ತಿ ಕೇಳುತ್ತಿದ್ದರು. ಒಬ್ಬರು ಹಿಂದಿನ ವರ್ಷದ ಕರಾರು ಪತ್ರವನ್ನೇ ತಂದು ಸಾಲು ಸಾಲಾಗಿ ಬೆರಳಿಟ್ಟು ಓದಿದರು.

ಪೋಡಿನ ಹುಡುಗಿ ಮೊದಲ ಸಲ ಎದ್ದು ನಿಂತಳು. ತನ್ನ ಹರಕು ಹಿಂದಿಯಲ್ಲೇ ಕೇಳಿದಳು. ನಿಮ್ಮ ಸಭೆಯ ತೀರ್ಮಾನಕ್ಕೆ ಅಧಿಕಾರಿ ಉತ್ತರವನ್ನೇ ಕೊಡದಿದ್ದರೆ ಏನು ಮಾಡುತ್ತೀರಿ? ಎದುರಿಗಿದ್ದ ಹೆಂಗಸು ನಕ್ಕು ಹೇಳಿದರು. "ಮತ್ತೆ ಬರೆಯುತ್ತೇವೆ ಮಗಳೇ. ಠರಾವಿನ ಪ್ರತಿ ಇಟ್ಟುಕೊಳ್ಳುತ್ತೇವೆ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಆಮೇಲೆ ಎಲ್ಲ ಊರಿನವರೂ ಒಟ್ಟಿಗೆ ಹೋಗಿ ಆ ಆಫೀಸಿನ ಮುಂದೆ ಕೂರುತ್ತೇವೆ." ಕಾಗದ ಮತ್ತು ಜನ, ಎರಡೂ ಬೇಕು ಅಂತ ಇನ್ನೊಬ್ಬರು ಸೇರಿಸಿದರು.

ಭಾನುವಾರ, ವಾಪಸು

ನಾಗಪುರದ ಬಸ್ಸಿನಲ್ಲಿ ಹುಡುಗಿ ಫೋನ್ ತೆಗೆದು ಎಲ್ಲ ಫೋಟೋ ತೋರಿಸಿದಳು. ಪರವಾನಗಿ ಪುಸ್ತಕದ ಪುಟ, ನಡಾವಳಿ ಪುಸ್ತಕ, ಬೀಡಿ ಎಲೆಯ ಕರಾರು. ಇವನ್ನು ಕನ್ನಡಕ್ಕೆ ಮಾಡಿಕೊಡಬೇಕು ಅಕ್ಕ ಅಂದಳು. ಮಾಡುತ್ತೇನೆ ಅಂದೆ.

ನಾನು ಅಜ್ಜನನ್ನು ಕೇಳಿದೆ. ಊರಿಗೆ ಹೋದ ಮೇಲೆ ಯಾವುದರಿಂದ ಶುರು ಮಾಡುತ್ತೀರಿ? ಜೇನಿನಿಂದಲಾ, ಲಂಟಾನ ತೆಗೆಯುವುದರಿಂದಲಾ?

"ಅದ ನಾನು ಹೇಳಕಾಗಲ್ಲ ಕಣವ್ವ. ನೀನೂ ಹೇಳಬ್ಯಾಡ" ಅಂದರು. "ಪೋಡಲ್ಲಿ ಕೂರ್ತೀವಿ. ಕಂಡದ್ದ ಹೇಳ್ತೀವಿ. ಮೊದಲು ಈ ಥರ ಓದೋ ಗುಂಪು ಒಂದು ಬೇಕಾ ಅಂತ ಕೇಳ್ತೀವಿ." ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯ ಕಡೆ ತಿರುಗಿ, ಸಭೆ ದಿನ ಗೊತ್ತು ಮಾಡುವಾಗ ಕಾಫಿ ತೋಟದ ಕೂಲಿಗೆ ಹೋಗುವ ಹೆಂಗಸರಿಗೆ ಯಾವ ಹೊತ್ತು ಬಿಡುವು ಅಂತ ಮೊದಲು ವಿಚಾರಿಸು ಅಂದರು. ಅವಳು ಪುಸ್ತಕ ತೆಗೆದು ಬರೆದುಕೊಂಡಳು.